ಸೆರೆಮನೆಯ ಆಸ್ಕರ್ ವೈಲ್ಡ್

ಓದುಬರಹವಿಲ್ಲದ ನನ್ನ ತಾಯಿಗೆ ರಜೆಯಲ್ಲೊಮ್ಮೆ ಪಠ್ಯದ ಒಂದು ಆಂಗ್ಲ ಕಥೆಯನ್ನು ಹೇಳಿದೆ. ಮೈಮೇಲಿನ ಚಿನ್ನವನ್ನೂ ಕಣ್ಣಿನ ನೀಲಮಣಿಗಳನ್ನೂ ಬಡವರಿಗೆ ಕಳುಹಿಸಿಕೊಟ್ಟ ‘ಸುಖಿ ರಾಜಕುಮಾರ’ನೆಂಬ ಪ್ರತಿಮೆಯ ಕಥೆ ಅದು. ಬರೆದವನು ಬಹಳ ನೊಂದಿರಬೇಕೆಂದಳು ತಾಯಿ. ಆದರೆ ೧೮೮೮ರಲ್ಲಿ ಆ ಕಥೆ ಅಚ್ಚಾದಾಗ ಆಸ್ಕರ್ ವೈಲ್ಡ್ ಸುಖವಾಗಿಯೇ ಇದ್ದನು. ನೋವು ಬಂದದ್ದು ಆಮೇಲೆ.

ವೈಲ್ಡನು ಹುಟ್ಟಿದ್ದು ಐರ್ಲೆಂಡಿನ ಡಬ್ಲಿನ್ ನಗರದಲ್ಲಿ, ೧೮೫೪ರ ಅಕ್ಟೋಬರ್ ೧೬ರಂದು. ತಂದೆ ಹೆಸರಾಂತ ವೈದ್ಯ, ತಾಯಿ ಕವಯಿತ್ರಿ. ಆಕ್ಸ್‌ಫರ್ಡಿನಲ್ಲಿ ಓದಿ ಲಂಡನ್ನಿಗೆ ಬಂದವನು ಮಾತಿನ ಚಮತ್ಕಾರದಿಂದ ಪ್ರಸಿದ್ಧನಾದನು. ೧೮೮೪ರಲ್ಲಿ ಕಾನ್‌ಸ್ಟನ್ಸ್ ಲಾಯ್ಡ್ ಎಂಬಾಕೆಯನ್ನು ವರಿಸಿದನು; ಇಬ್ಬರು ಗಂಡುಮಕ್ಕಳಾದರು. ೧೮೯೫ರ ಆರಂಭದಲ್ಲಿ ಅವನ ಎರಡು ನಾಟಕಗಳು ಲಂಡನ್ನಿನಲ್ಲಿ ಏಕಕಾಲಕ್ಕೆ ನಡೆಯುತ್ತಿದ್ದವು.

ವೈಲ್ಡನು ಆಲ್ಫ್ರೆಡ್ ಡಗ್ಲಸ್ ಎಂಬ ತರುಣನನ್ನು ಪ್ರೀತಿಸುತ್ತಿದ್ದನು. ತರುಣನ ತಂದೆ ಇದನ್ನು ಹೀಯಾಳಿಸಿ ಚೀಟಿ ಬರೆದಿಟ್ಟಾಗ ವೈಲ್ಡನು ಮಾನನಷ್ಟದ ಮೊಕದ್ದಮೆ ಹೂಡಿದನು. ಅದೇ ಅವನಿಗೆ ಉರುಳಾಯಿತು. ಗಂಡಸರಿಬ್ಬರ ಸಂಬಂಧವು ಮನೆಯೊಳಗಿನದಾದರೂ ಅಪರಾಧವೆಂದು ೧೮೮೫ರ ಶಾಸನ ವಿಧಿಸಿತ್ತು. ೧೮೯೫ರ ಮೇ ೨೫ರಂದು ಅವನಿಗೆ ಎರಡು ವರ್ಷಗಳ ಕಠಿಣ ಶಿಕ್ಷೆಯಾಯಿತು.

ನವೆಂಬರಿನಲ್ಲಿ ರೆಡಿಂಗ್ ಸೆರೆಮನೆಗೆ ಒಯ್ಯುವಾಗ, ಕ್ಲಾಪಮ್ ಜಂಕ್ಷನ್ ನಿಲ್ದಾಣದಲ್ಲಿ ಕೋಳ ತೊಡಿಸಿ ಅರ್ಧ ಗಂಟೆ ಮಳೆಯಲ್ಲಿ ನಿಲ್ಲಿಸಿದರು. ಸುತ್ತ ನೆರೆದವರು ನಕ್ಕರು. ಸೆರೆಯಲ್ಲಿ ಹೆಸರು ಹೋಗಿ ಸಿ.೩.೩ ಎಂಬ ಸಂಖ್ಯೆ ಉಳಿಯಿತು. ಖೈದಿಗಳು ತಮ್ಮತಮ್ಮಲ್ಲಿ ಮಾತಾಡುವಂತಿರಲಿಲ್ಲ. ಬಾಗಿಲಿನ ಕಿಂಡಿಯಲ್ಲಿ ಕಾವಲುಗಾರನ ಕಣ್ಣು. ತಾಯಿ ಸತ್ತ ಸುದ್ದಿಯನ್ನು ಇಟಲಿಯಿಂದ ಬಂದು ತಿಳಿಸಿದವಳು ಹೆಂಡತಿ. ಮಕ್ಕಳನ್ನು ಅವನು ಮತ್ತೆಂದೂ ಕಾಣಲಿಲ್ಲ.

ಎಲ್ಲರ ನೋಟಕ್ಕೆ ಗುರಿಯಾದವನು ಅಲ್ಲಿ ಇತರರನ್ನು ನೋಡಲು ಕಲಿತನು. ೧೮೯೭ರ ಮೇ ೧೯ರಂದು ಬಿಡುಗಡೆಯಾದ ಕೆಲವೇ ದಿನಗಳಲ್ಲಿ ಪತ್ರಿಕೆಗೆ ಒಂದು ದೀರ್ಘ ಪತ್ರ ಬರೆದನು. ಅದು ಹಸಿದ ಬಾಲಖೈದಿಗೆ ಬಿಸ್ಕತ್ತು ಕೊಟ್ಟು ಕೆಲಸ ಕಳೆದುಕೊಂಡ ಮಾರ್ಟಿನ್ ಎಂಬ ಕಾವಲುಗಾರನ ಪರವಾಗಿತ್ತು. ೧೮೯೮ರಲ್ಲಿ ರೆಡಿಂಗ್ ಸೆರೆಮನೆಯ ಲಾವಣಿಯನ್ನು ಸಿ.೩.೩ ಎಂಬ ಅಂಕಿತದಲ್ಲೇ ಪ್ರಕಟಿಸಿದನು. ೧೯೦೦ರ ನವೆಂಬರ್ ೩೦ರಂದು ಪ್ಯಾರಿಸಿನ ಹೋಟೆಲೊಂದರಲ್ಲಿ ಬಡತನದಲ್ಲಿಯೇ ತೀರಿಕೊಂಡನು. ಆಗ ವಯಸ್ಸು ೪೬.

ಬ್ರಿಟಿಷರು ೧೮೬೦ರ ದಂಡಸಂಹಿತೆಯಲ್ಲಿ ನಮಗೂ ಇಂಥದೊಂದು ಕಲಮನ್ನು ಬಿಟ್ಟುಹೋಗಿದ್ದರು. ವಯಸ್ಕರು ಪರಸ್ಪರ ಒಪ್ಪಿ ಕೂಡುವುದು ಅಪರಾಧವಲ್ಲವೆಂದು ೨೦೧೮ರ ಸೆಪ್ಟೆಂಬರ್ ೬ರಂದು ನಮ್ಮ ಸರ್ವೋಚ್ಚ ನ್ಯಾಯಾಲಯವು ತೀರ್ಪಿತ್ತಿತು. ಸೆರೆಯ ಬಾಗಿಲು ತೆರೆಯಿತು. ನಿಲ್ದಾಣದ ನಗೆ ಇನ್ನೂ ನಿಂತಿಲ್ಲ. ತರಗತಿಯಲ್ಲಿ ಒಬ್ಬನ ನಡಿಗೆಯನ್ನು ಕಂಡು ಉಳಿದವರು ನಕ್ಕಾಗ ನಾನೂ ನಕ್ಕಿದ್ದೇನೆ. ಈ ಚರಿತ್ರೆಯನ್ನು ಓದಿದ ಮೇಲೆ ಅವನ ಪಕ್ಕದಲ್ಲೇ ಕುಳಿತುಕೊಳ್ಳುತ್ತಿದ್ದೇನೆ. ಮುಂದಿನ ರಜೆಯಲ್ಲಿ ತಾಯಿಗೆ ಈ ಕಥೆಯನ್ನೂ ಹೇಳಬೇಕು.