ಕನಸುಗಳನ್ನು ಬರೆದಿಟ್ಟ ಸಂತ ಡಾನ್ ಬೋಸ್ಕೊ

ಪವಿತ್ರ ಗ್ರಂಥದಲ್ಲಿ ಕನಸುಗಳಿಗೆ ಕೊರತೆಯಿಲ್ಲ. ಪೂರ್ವಪಿತೃ ಯಕೋಬ, ಅವನ ಮಗ ಜೋಸೆಫ, ಪ್ರವಾದಿ ದಾನಿಯೇಲ, ಕಡೆಗೆ ಕನ್ಯಾಮರಿಯಮ್ಮನವರ ಪತಿ ಸಂತ ಜೋಸೆಫರು, ಇವರೆಲ್ಲರ ಬಾಳಿನಲ್ಲೂ ನಿದ್ರೆಯಲ್ಲಿ ಬಂದ ದೈವಸೂಚನೆಗಳುಂಟು. ಅದೇ ಗ್ರಂಥದ ಸಿರಾಖನ ಪುಸ್ತಕವಾದರೋ ಕನಸುಗಳನ್ನು ನೆಚ್ಚಿ ನಡೆಯುವವರನ್ನು ಕಟುವಾಗಿ ಎಚ್ಚರಿಸುತ್ತದೆ. ಈ ಎರಡರ ನಡುವೆ ನಿಂತ ಭಕ್ತನು ತಾನು ಕಂಡ ಕನಸನ್ನು ಏನು ಮಾಡಬೇಕು? ಮರೆಯಬೇಕೆ, ಸಾರಬೇಕೆ, ಬರೆದಿಡಬೇಕೆ? ಈ ಪ್ರಶ್ನೆಯನ್ನು ಅರುವತ್ತು ವರ್ಷಗಳಿಗೂ ಮಿಕ್ಕಿ ಎದೆಯಲ್ಲಿ ಹೊತ್ತು ಬಾಳಿದವರು ಸಂತ ಜಾನ್ ಬೋಸ್ಕೊ. ಅನಾಥ ಬಾಲಕರ ತಂದೆಯೆಂದು, ಸಲೇಸಿಯನ್ ಸಭೆಯ ಸ್ಥಾಪಕರೆಂದು ನಾವೆಲ್ಲರೂ ಅವರನ್ನು ಬಲ್ಲೆವು. ಅವರ ಶಾಲೆಗಳನ್ನೂ ಕಸುಬಿನ ಮನೆಗಳನ್ನೂ ಕುರಿತು ಬೇಕಾದಷ್ಟು ಬರೆಯಲಾಗಿದೆಯಾದ್ದರಿಂದ, ನಾವಿಲ್ಲಿ ಅವರ ಜೀವನವನ್ನು ಅವರ ಕನಸಿನ ಪುಸ್ತಕದ ಬಾಗಿಲಿನಿಂದ ಪ್ರವೇಶಿಸಲು ಯತ್ನಿಸುತ್ತೇವೆ.

1815ರ ಆಗಸ್ಟ್ 16ರಂದು, ಉತ್ತರ ಇಟಲಿಯ ಪೀಡ್‌ಮಾಂಟ್ ಪ್ರಾಂತದ ಬೆಕ್ಕಿ ಎಂಬ ಪುಟ್ಟ ಹಳ್ಳಿಯಲ್ಲಿ, ಬಡ ಒಕ್ಕಲು ಮನೆತನವೊಂದರಲ್ಲಿ ಜಾನ್ ಜನಿಸಿದರು. ಮಗುವಿಗೆ ಎರಡು ವರ್ಷ ತುಂಬುವ ಮುನ್ನವೇ ತಂದೆ ಫ್ರಾನ್ಸಿಸ್ ತೀರಿಕೊಂಡರು. ವಿಧವೆಯಾದ ತಾಯಿ ಮಾರ್ಗರೀತಾ, ವೃದ್ಧೆ ಅಜ್ಜಿ, ತಂದೆಯ ಮೊದಲ ವಿವಾಹದ ಮಗ ಆಂತೋಣಿ, ಒಡಹುಟ್ಟಿದ ಅಣ್ಣ ಜೋಸೆಫ್, ಇಷ್ಟು ಜನರ ಸಂಸಾರ. ಅದು ಬರಗಾಲದ ಸಮಯ. ಉಣ್ಣುವುದಕ್ಕೇ ತತ್ವಾರವಿದ್ದ ಆ ಮನೆಯಲ್ಲಿ ಓದಿನ ಮಾತೆತ್ತಿದರೆ ಆಂತೋಣಿಗೆ ಸಿಡಿಮಿಡಿ.

ಜಾನ್‌ಗೆ ಒಂಬತ್ತು ವರ್ಷವಾಗಿದ್ದಾಗ ಆ ಕನಸು ಬಿತ್ತು. ಮನೆಯ ಬಳಿಯ ವಿಶಾಲವಾದ ಅಂಗಳದಲ್ಲಿ ಹುಡುಗರ ಗುಂಪೊಂದು ಆಡುತ್ತಿದೆ. ಕೆಲವರು ನಗುತ್ತಿದ್ದಾರೆ, ಹಲವರು ದೇವದೂಷಣೆಯ ಮಾತುಗಳನ್ನಾಡುತ್ತಿದ್ದಾರೆ. ಜಾನ್ ಅವರ ನಡುವೆ ನುಗ್ಗಿ ಮುಷ್ಟಿಯಿಂದ ಗುದ್ದಿ ಬಾಯಿ ಮುಚ್ಚಿಸಲು ಹೊರಡುತ್ತಾನೆ. ಆಗ ತೇಜಸ್ವಿಯಾದ, ಶುಭ್ರವಸ್ತ್ರಧಾರಿಯಾದ ಪುರುಷನೊಬ್ಬನು ಕಾಣಿಸಿಕೊಂಡು, ಈ ಮಕ್ಕಳನ್ನು ಗೆಲ್ಲಬೇಕಾದುದು ಹೊಡೆತದಿಂದಲ್ಲ, ಸೌಮ್ಯತೆಯಿಂದ ಎಂದು ತಿಳಿಸುತ್ತಾನೆ; ಕಲಿಸಲು ಒಬ್ಬ ಗುರುಮಾತೆಯನ್ನೂ ಕೊಡುತ್ತಾನೆ. ಆ ಮಹಿಮಾನ್ವಿತ ಸ್ತ್ರೀ ಹುಡುಗನ ಕೈಹಿಡಿದು ತೋರಿಸಿದಾಗ ಬಾಲಕರೆಲ್ಲ ಮಾಯವಾಗಿ ಆ ಸ್ಥಳದಲ್ಲಿ ಆಡು, ನಾಯಿ, ಬೆಕ್ಕು, ಕರಡಿಗಳು ತುಂಬಿವೆ. ನೋಡುತ್ತಿದ್ದಂತೆ ಅವು ಕುರಿಮರಿಗಳಾಗುತ್ತವೆ. ಏನೂ ಅರ್ಥವಾಗದೆ ಜಾನ್ ಕನಸಿನಲ್ಲೇ ಅಳತೊಡಗುತ್ತಾನೆ. ಕಾಲ ಬಂದಾಗ ಎಲ್ಲವೂ ಅರ್ಥವಾಗುವುದೆಂದು ಆಕೆ ಸಂತೈಸುತ್ತಾಳೆ. ಎಚ್ಚರವಾದಾಗ ಗುದ್ದಿದ ಕೈಗಳು ನೋಯುತ್ತಿದ್ದಂತೆ ಹುಡುಗನಿಗೆ ಭಾಸವಾಯಿತು.

ಬೆಳಗಾದ ಮೇಲೆ ಮನೆಯವರ ಮುಂದೆ ಕನಸನ್ನು ಹೇಳಿದಾಗ ಒಬ್ಬೊಬ್ಬರೂ ಒಂದೊಂದು ಅರ್ಥ ಹಚ್ಚಿದರು. ಕುರಿ ಕಾಯುವವನಾಗುವೆ ಎಂದನು ಜೋಸೆಫ್. ದರೋಡೆಕೋರರ ನಾಯಕನಾಗುವೆ ಎಂದನು ಆಂತೋಣಿ. ಗುರುವಾಗಬಹುದೇನೋ ಎಂದು ತಾಯಿ ಊಹಿಸಿದಳು. ಓದುಬರಹವರಿಯದಿದ್ದರೂ ದೇವಜ್ಞಾನದಲ್ಲಿ ಪಳಗಿದ್ದ ಅಜ್ಜಿ ಮಾತ್ರ, ಕನಸುಗಳಿಗೆ ಬೆಲೆ ಕೊಡಲಾಗದು ಎಂದು ತೀರ್ಪಿತ್ತಳು. ಬಾಲಕನಿಗೆ ಅಜ್ಜಿಯ ಮಾತೇ ಸರಿಯೆನಿಸಿತು. ಆದರೆ ಆ ಕನಸನ್ನು ಮನಸ್ಸಿನಿಂದ ಕಿತ್ತೊಗೆಯಲು ಅವನಿಂದ ಎಂದೂ ಆಗಲಿಲ್ಲ. ಆ ಅಜ್ಜಿಯ ಬಗ್ಗೆ ನಮಗೆ ವಿಶೇಷ ಗೌರವ. ಸಿರಾಖನ ಎಚ್ಚರಿಕೆಯನ್ನು ಓದಲಾರದೆಯೂ ಆಕೆ ಬಲ್ಲವಳಾಗಿದ್ದಳು. ಬೋಸ್ಕೊ ಅವರು ಮುಂದೆ ತಮ್ಮ ಕನಸುಗಳ ವಿಷಯದಲ್ಲಿ ತೋರಿದ ಸಂಯಮಕ್ಕೆ ಆಕೆಯ ಮಾತೂ ಒಂದು ಬೇರು ಎಂದು ನಮ್ಮ ಅಭಿಪ್ರಾಯ.

ಆಂತೋಣಿಯ ವಿರೋಧದಿಂದ ಮನೆಯಲ್ಲಿ ನೆಮ್ಮದಿಯಿಲ್ಲದಂತಾಗಿ, ಹನ್ನೆರಡರ ಹುಡುಗ 1828ರಲ್ಲಿ ಮೋಲಿಯಾ ಎಂಬವರ ಹೊಲದಲ್ಲಿ ಆಳಾಗಿ ದುಡಿಯಬೇಕಾಯಿತು. ಅನಂತರದ ಕಷ್ಟಗಳನ್ನು ವಿಸ್ತರಿಸುವುದಿಲ್ಲ. ದರ್ಜಿಯ ಕೆಲಸ, ಕಮ್ಮಾರಿಕೆ, ಉಪಾಹಾರಗೃಹದ ಚಾಕರಿ, ಎಲ್ಲವನ್ನೂ ಮಾಡಿ ಓದಿ, 1841ರ ಜೂನ್ 5ರಂದು ಟ್ಯೂರಿನ್ ನಗರದಲ್ಲಿ ಅವರು ಗುರುದೀಕ್ಷೆ ಪಡೆದರು. ಗುರುಗಳನ್ನು ಡಾನ್ ಎಂದು ಕರೆಯುವುದು ಇಟಲಿಯ ವಾಡಿಕೆ. ಹಾಗೆ ಅವರು ಡಾನ್ ಬೋಸ್ಕೊ ಆದರು. ಅದೇ ವರ್ಷ ಡಿಸೆಂಬರ್ 8ರಂದು, ಅಮಲೋದ್ಭವ ಮಾತೆಯ ಹಬ್ಬದ ದಿನ, ಪೂಜಾವಸ್ತ್ರಗಳ ಕೋಣೆಯಲ್ಲಿ ಬಾರ್ತೊಲೊಮೆಯೊ ಗರೆಲ್ಲಿ ಎಂಬ ಅನಾಥ ತರುಣನಿಗೆ ಅವರು ಧರ್ಮೋಪದೇಶ ಆರಂಭಿಸಿದರು. ಪ್ರಾರ್ಥನೆ, ಪಾಠ, ಆಟ ಮೂರೂ ಕೂಡಿದ ಅವರ ಬಾಲಕರ ಕೂಟ ಹುಟ್ಟಿದ್ದು ಹೀಗೆ.

1844ರ ಅಕ್ಟೋಬರಿನಲ್ಲಿ ಆ ಕೂಟಕ್ಕೆ ನೆಲೆ ತಪ್ಪಿತು. ಮರುದಿನ ಹುಡುಗರಿಗೆ ಏನು ಹೇಳುವುದೆಂದು ತಿಳಿಯದೆ ಮಲಗಿದ ರಾತ್ರಿ ಹಳೆಯ ಕನಸು ಹೊಸ ರೂಪದಲ್ಲಿ ಮರಳಿತು. ಅದೇ ಪ್ರಾಣಿಗಳ ಹಿಂಡು, ಕುರುಬಿತಿಯ ವೇಷದ ಸ್ತ್ರೀ, ದಾರಿಯುದ್ದಕ್ಕೂ ಕುರಿಮರಿಗಳಾಗುತ್ತಿದ್ದ ಮೃಗಗಳು, ಕಡೆಯಲ್ಲಿ ಒಂದು ಎತ್ತರದ ದೇವಾಲಯ. ಆಗ ಅದಕ್ಕೆ ತಾವು ಹೆಚ್ಚು ನಂಬಿಕೆ ಕೊಡಲಿಲ್ಲವೆಂದು ಅವರೇ ಬರೆದಿದ್ದಾರೆ. ಕಂಡದ್ದು ಒಂದೊಂದಾಗಿ ನಿಜವಾಗತೊಡಗಿದ ಮೇಲೆ, ಅದನ್ನು ಮತ್ತೊಂದು ಕನಸಿನೊಡನೆ ಸೇರಿಸಿ ತಮ್ಮ ನಿರ್ಧಾರಗಳಿಗೆ ಕೈಪಿಡಿಯನ್ನಾಗಿ ಮಾಡಿಕೊಂಡರು. 1846ರ ಪಾಸ್ಖ ಹಬ್ಬದಂದು, ಏಪ್ರಿಲ್ 12ರಂದು, ವಾಲ್ದೊಕ್ಕೊದ ಪಿನಾರ್ಡಿ ಎಂಬಾತನ ಜೋಪಡಿಯಲ್ಲಿ ಕೂಟ ನೆಲೆನಿಂತಿತು. ಅದೇ ವರ್ಷ ತಾಯಿ ಮಾರ್ಗರೀತಾ ಹಳ್ಳಿಯನ್ನು ಬಿಟ್ಟು ಬಂದು ಆ ಮಕ್ಕಳಿಗೆಲ್ಲ ತಾಯಿಯಾದರು. 1868ರಲ್ಲಿ ಅಭಿಷೇಕಗೊಂಡ, ಕ್ರೈಸ್ತರ ಸಹಾಯಮಾತೆಯ ಭವ್ಯ ದೇವಾಲಯ ಎದ್ದುನಿಂತದ್ದೂ ಅದೇ ವಾಲ್ದೊಕ್ಕೊದಲ್ಲಿ.

ಕನಸುಗಳು ನಿಲ್ಲಲಿಲ್ಲ. ತಮಗೇ ಸಂದೇಹ ಬಂದಾಗ ಡಾನ್ ಬೋಸ್ಕೊ ಅವರು ತಮ್ಮ ಆತ್ಮಮಾರ್ಗದರ್ಶಕರಾದ ಸಂತ ಜೋಸೆಫ್ ಕಫಾಸ್ಸೊ ಅವರ ಮುಂದೆ ಮನಸ್ಸು ಬಿಚ್ಚಿದರೆಂದೂ, ನೆಮ್ಮದಿಯಿಂದ ಮುಂದುವರಿಯುವಂತೆ ಕಫಾಸ್ಸೊ ಅವರು ಸಲಹೆಯಿತ್ತರೆಂದೂ ಶಿಷ್ಯರು ದಾಖಲಿಸಿದ್ದಾರೆ. 1854ರ ಕೊನೆಯಲ್ಲಿ ಅರಮನೆಯಲ್ಲಿ ಮಹಾ ಅಂತ್ಯಕ್ರಿಯೆಗಳಾಗುವುವೆಂಬ ಕನಸು ಕಂಡು ಅವರು ರಾಜ ಎರಡನೆಯ ವಿಕ್ಟರ್ ಇಮ್ಯಾನುಯೆಲನಿಗೆ ಪತ್ರ ಬರೆದರೆಂಬ ವೃತ್ತಾಂತ ಪ್ರಸಿದ್ಧವಾದದ್ದು. ಧರ್ಮಮಠಗಳನ್ನು ಮುಚ್ಚುವ ಮಸೂದೆ ಸಂಸತ್ತಿನ ಮುಂದಿದ್ದ ಕಾಲ ಅದು. 1855ರ ಜನವರಿ 12ರಂದು ರಾಜಮಾತೆ, 20ರಂದು ರಾಣಿ, ಫೆಬ್ರವರಿಯಲ್ಲಿ ರಾಜನ ತಮ್ಮ, ಹೀಗೆ ಒಂದೇ ತಿಂಗಳೊಳಗೆ ಮೂರು ಶವಯಾತ್ರೆಗಳು ಹೊರಟದ್ದನ್ನು ಚರಿತ್ರೆ ಬಲ್ಲದು.

1858ರ ಮಾರ್ಚಿನಲ್ಲಿ, ಹೊಸ ಸಭೆಯೊಂದರ ಸ್ಥಾಪನೆಯ ಆಲೋಚನೆಯೊಡನೆ, ಡಾನ್ ಬೋಸ್ಕೊ ಅವರು ರೋಮಿಗೆ ಹೋಗಿ ಜಗದ್ಗುರು ಒಂಬತ್ತನೆಯ ಪಿಯೂಸರನ್ನು ಕಂಡರು. ಪ್ರಕೃತಿಗೆ ಮೀರಿದ್ದೆಂದು ತೋರುವ ಯಾವುದಾದರೂ ಸಂಗತಿ ಅವರ ಬಾಳಿನಲ್ಲಿ ಇದ್ದರೆ ಹೇಳಬೇಕೆಂದು ಜಗದ್ಗುರುಗಳು ಕೇಳಿದರು. ಆಗ ಅವರು ಬಾಲ್ಯದ ಆ ಕನಸನ್ನು ಹೇಳಿದರು. ಮನೆಯವರ ಮುಂದೆ ಹೇಳಿ ನಗೆಗೀಡಾದ ಬೆಳಗಿನಿಂದ ಆ ದಿನದವರೆಗೆ ಮೂರು ದಶಕಗಳಿಗೂ ಹೆಚ್ಚು ಕಾಲ ಕಳೆದಿತ್ತು. ಅದನ್ನು ಯಥಾವತ್ತಾಗಿ, ವಿವರವಾಗಿ ಬರೆದು, ಮುಂದೆ ಬರುವ ತನ್ನ ಸಭೆಯ ಮಕ್ಕಳಿಗೆ ಪ್ರೋತ್ಸಾಹವಾಗಿ ಬಿಟ್ಟುಹೋಗಬೇಕೆಂದು ಜಗದ್ಗುರುಗಳು ಅಪ್ಪಣೆಯಿತ್ತರು.

ಅಪ್ಪಣೆಯಾದರೂ ಬರವಣಿಗೆ ಆಗಲಿಲ್ಲ! ಸಾಲ, ಕಟ್ಟಡ, ಅಚ್ಚುಕೂಟ, ಪಾಪನಿವೇದನೆ ಕೇಳುವ ದೀರ್ಘ ಗಂಟೆಗಳು, ಇವುಗಳ ನಡುವೆ ಬಿಡುವಿರಲಿಲ್ಲವೆಂಬುದು ಒಂದು ಕಾರಣ. ತನ್ನನ್ನು ಕುರಿತು ತಾನೇ ಬರೆಯುವ ಸಂಕೋಚವೇ ದೊಡ್ಡ ಕಾರಣವೆಂದು ನಾವು ಭಾವಿಸುತ್ತೇವೆ. 1867ರಲ್ಲಿ ಅವರು ಮತ್ತೆ ರೋಮಿಗೆ ಹೋದಾಗ ಜಗದ್ಗುರುಗಳು ಅದನ್ನೇ ವಿಚಾರಿಸಿ, ಇನ್ನೂ ಬರೆದಿಲ್ಲವೆಂದು ತಿಳಿದು, ಬೇರೆ ಕೆಲಸಗಳನ್ನು ಬದಿಗಿಟ್ಟಾದರೂ ಬರೆಯುವಂತೆ ಆಜ್ಞಾಪಿಸಿದರೆಂದು ಚರಿತ್ರಕಾರರು ಹೇಳುತ್ತಾರೆ. ಕಡೆಗೆ 1873ರಿಂದ 1875ರ ಸುಮಾರಿಗೆ, ಮೂರು ಬರವಣಿಗೆಯ ಪುಸ್ತಕಗಳಲ್ಲಿ, 1815ರಿಂದ 1855ರವರೆಗಿನ ಕಥೆಯನ್ನು ಅವರು ಬರೆದರು. ಒಂಬತ್ತರ ವಯಸ್ಸಿನ ಕನಸು ಅದರ ಆರಂಭದಲ್ಲೇ ಇದೆ. ಕೈಬರಹವೋ, ಓದಲು ಪ್ರಯಾಸ. ಗೀಚಿ, ಹೊಡೆದು, ಸಾಲುಗಳ ನಡುವೆ ಸೇರಿಸಿದ ಬರಹ. ಕಾರ್ಯದರ್ಶಿಯಾಗಿದ್ದ ಬೆರ್ತೊ ಗುರುಗಳು ಅದನ್ನು ಶುದ್ಧಪ್ರತಿ ಮಾಡಿದರೆ, ಆ ಪ್ರತಿಯ ಮೇಲೂ ಡಾನ್ ಬೋಸ್ಕೊ ಅವರು ತಿದ್ದಿದರು. ಇದು ತನ್ನ ಸಲೇಸಿಯನ್ ಮಕ್ಕಳಿಗೆ ಮಾತ್ರ, ತನ್ನ ಮರಣಕ್ಕೆ ಮುಂಚೆಯಾಗಲಿ ಆಮೇಲಾಗಲಿ ಅಚ್ಚಾಗಕೂಡದು ಎಂದು ಮೊದಲಲ್ಲೇ ಕಟ್ಟಪ್ಪಣೆ ಬರೆದರು.

ಇತ್ತ ವಾಲ್ದೊಕ್ಕೊದಲ್ಲಿ ಮತ್ತೊಂದು ಬಗೆಯ ದಾಖಲೆ ಬೆಳೆಯುತ್ತಿತ್ತು. ರಾತ್ರಿಯ ಪ್ರಾರ್ಥನೆ ಮುಗಿದೊಡನೆ ಹುಡುಗರಿಗೆ ನಾಲ್ಕು ಮಾತು ಹೇಳಿ ಶುಭರಾತ್ರಿ ಕೋರುವುದು ಅಲ್ಲಿಯ ಪದ್ಧತಿ. ಎಷ್ಟೋ ರಾತ್ರಿಗಳಲ್ಲಿ ಆ ಮಾತುಗಳು ಕನಸಿನ ವರದಿಗಳಾಗುತ್ತಿದ್ದುವು. 1861ರಲ್ಲಿ ಅವರ ಸಹಚರರು ಒಂದು ಮಂಡಳಿಯನ್ನೇ ರಚಿಸಿಕೊಂಡು, ಕೇಳಿದ್ದನ್ನು ಕೇಳಿದಂತೆ ಬರೆದಿಡಲು ನಿಶ್ಚಯಿಸಿದರು. ರುಫೀನೊ, ಬೊನೆಟ್ಟಿ, ಮುಂದೆ ಬಾರ್ಬೆರಿಸ್, ವಿಲ್ಯೆಟ್ಟಿ ಮೊದಲಾದವರ ದಿನಚರಿಗಳು ಹುಟ್ಟಿದ್ದು ಹೀಗೆ. ಇವುಗಳನ್ನೆಲ್ಲ ಲೆಮೊಯ್ನ್ ಗುರುಗಳು ಕಲೆಹಾಕಿದರು. ಅವರೂ ಅವರ ನಂತರದವರೂ ಸೇರಿ 19 ಸಂಪುಟಗಳ ಚರಿತ್ರೆಯನ್ನು ಹೊರತಂದರು. ನೂರಕ್ಕೂ ಮಿಕ್ಕ ಕನಸುಗಳು ಅದರಲ್ಲಿವೆ.

ಇಲ್ಲಿ ಓದುಗರು ಒಂದು ಭೇದವನ್ನು ಗಮನಿಸಬೇಕು. ಸ್ವತಃ ಕಂಡವರು ಬರೆದ ಕನಸು ಬೇರೆ, ಕೇಳಿದವರು ನೆನಪಿನಿಂದ ಬರೆದದ್ದು ಬೇರೆ. ಸಾಗರದ ನಡುವಿನ ಎರಡು ಕಂಬಗಳಿಗೆ ಧರ್ಮಸಭೆಯೆಂಬ ಹಡಗನ್ನು ಜಗದ್ಗುರುಗಳು ಬಿಗಿದು ನಿಲ್ಲಿಸುವ ಚಿತ್ರವನ್ನು ನಮ್ಮಲ್ಲಿ ಹಲವರು ನೋಡಿರಬಹುದು. 1862ರ ಮೇ 30ರ ರಾತ್ರಿ ಹೇಳಿದ ಕನಸು ಅದು. ಅದನ್ನು ಬರೆದಿಟ್ಟವರು ಕೇಳುಗರು. ಅವರ ಬರಹಗಳಲ್ಲಿ ವಿವರಗಳು ಒಂದಕ್ಕೊಂದು ಪೂರ್ತಿ ಹೊಂದುವುದಿಲ್ಲ. ಆದ್ದರಿಂದ ಆ ಕನಸಿನ ಸಣ್ಣಪುಟ್ಟ ವಿವರಗಳಿಂದ ಇಂದಿನ ಘಟನೆಗಳಿಗೆ ಭವಿಷ್ಯ ಹೆಣೆಯುವವರನ್ನು ಕಂಡರೆ ನಮಗೆ ಅಜ್ಜಿಯ ನೆನಪಾಗುತ್ತದೆ. ಮನೆಯ ಹುಡುಗನೊಬ್ಬನು ಇಂತಿಷ್ಟು ದಿನಗಳೊಳಗೆ ಮರಣಹೊಂದುವನು, ಸಿದ್ಧರಾಗಿರಿ ಎಂಬಂಥ ಕನಸುಗಳನ್ನೂ ಅವರು ಸಭೆಯಲ್ಲಿ ಹೇಳುತ್ತಿದ್ದರು. ಇಂದಿನ ಕಿವಿಗೆ ಇದು ಕಠೋರವೆನಿಸೀತು. ರೋಗದಿಂದ ಮಕ್ಕಳು ಸಾಯುವುದು ಅಪರೂಪವಲ್ಲದ ಆ ಕಾಲದಲ್ಲಿ, ಅವರ ಉದ್ದೇಶ ಹೆದರಿಸುವುದಾಗಿರದೆ ಪಾಪನಿವೇದನೆಗೆ ಕರೆತರುವುದಾಗಿತ್ತು. ಮರುದಿನ ಹುಡುಗರು ಒಬ್ಬೊಬ್ಬರಾಗಿ ಬಂದು, ಕನಸಿನಲ್ಲಿ ತಮ್ಮನ್ನು ಯಾವ ಸ್ಥಿತಿಯಲ್ಲಿ ಕಂಡಿರೆಂದು ಕೇಳುತ್ತಿದ್ದರು. ಉತ್ತರ ಗುಟ್ಟಾಗಿ ದೊರೆಯುತ್ತಿತ್ತು.

ಕನಸು ಮಾಸುವ ಮುನ್ನ ಹಿಡಿದಿಡುವ ಕಷ್ಟವನ್ನು ಅವರೂ ಬಲ್ಲವರಾಗಿದ್ದರು. 1881ರ ಸೆಪ್ಟೆಂಬರ್ 10ರ ರಾತ್ರಿ, ಸ್ಯಾನ್ ಬೆನಿನ್ಯೊ ಎಂಬಲ್ಲಿ, ಹತ್ತು ವಜ್ರಗಳು ಹೊಳೆಯುವ ನಿಲುವಂಗಿಯ ಪುರುಷನನ್ನು ಅವರು ಕನಸಿನಲ್ಲಿ ಕಂಡರು. ಸಲೇಸಿಯನ್ನರು ಹೇಗಿರಬೇಕು, ಮುಂದೆ ಯಾವ ಅಪಾಯಕ್ಕೆ ಒಳಗಾಗುವರು ಎಂಬುದರ ರೂಪಕ ಅದು. ರಾತ್ರಿಯೆಲ್ಲ ನಡೆದ ಆ ಕನಸಿನಿಂದ ಬೆಳಗಿಗೆ ದೇಹ ಬಳಲಿತ್ತು. ಆದರೂ ಮರೆತೀತೆಂಬ ಭಯದಿಂದ ಅವಸರವಾಗಿ ಎದ್ದು ನಾಲ್ಕಾರು ಟಿಪ್ಪಣಿ ಮಾಡಿಕೊಂಡರು. ಆ ಟಿಪ್ಪಣಿಗಳ ನೆರವಿನಿಂದ ನವೆಂಬರ್ 21ರಂದು, ಮಾತೆ ಮರಿಯಮ್ಮನವರ ಸಮರ್ಪಣೆಯ ಹಬ್ಬದಂದು, ಪೂರ್ತಿಯಾಗಿ ಬರೆದರು. 1884ರ ಮೇ 10ರಂದು ರೋಮಿನಿಂದ ಕಳುಹಿಸಿದ ಪತ್ರವೂ ಕನಸಿನ ದಾಖಲೆಯೇ. ಆಗ ಕೈ ಸೋತಿತ್ತು, ಲೆಮೊಯ್ನ್ ಬರೆದುಕೊಂಡರು. ಹಿಂದಿನ ಕಾಲದ ನಲಿವಿನ ಅಂಗಳವನ್ನೂ ಈಗಿನ ಬೇಸರದ ಅಂಗಳವನ್ನೂ ಅಕ್ಕಪಕ್ಕದಲ್ಲಿ ಕಂಡ ಆ ಕನಸಿನಲ್ಲಿ ಅವರಿಗೆ ದೊರೆತ ತಿಳಿವು ಇಷ್ಟೆ: ಮಕ್ಕಳನ್ನು ಪ್ರೀತಿಸಿದರೆ ಸಾಲದು, ತಾವು ಪ್ರೀತಿಪಾತ್ರರೆಂದು ಮಕ್ಕಳಿಗೆ ಗೊತ್ತಾಗಬೇಕು. ಅವರ ಕನಸುಗಳಲ್ಲೆಲ್ಲ ನಮಗೆ ಹೆಚ್ಚು ಪ್ರಿಯವಾದದ್ದು ಇದು. ಇದರಲ್ಲಿ ಭವಿಷ್ಯವಾಣಿಯೇ ಇಲ್ಲ.

ಅಪರಿಚಿತ ಬಯಲಿನ ಕಾಡುಜನರ ನಡುವೆ ತನ್ನ ಮಿಷನರಿಗಳನ್ನು ಕಂಡ ಕನಸಿನ ಕಥೆ ಸ್ವಾರಸ್ಯವಾದದ್ದು. ಆ ಜನ ಯಾರೆಂದು ತಿಳಿಯದೆ ಮೊದಲು ಇಥಿಯೋಪಿಯ, ಆಮೇಲೆ ಹಾಂಗ್‌ಕಾಂಗ್ ಪ್ರದೇಶ, ಆಮೇಲೆ ಆಸ್ಟ್ರೇಲಿಯ ಎಂದು ಅವರು ಊಹಿಸುತ್ತ ಭೂಗೋಳದ ಪುಸ್ತಕಗಳನ್ನು ತಿರುವಿಹಾಕಿದರು. ಅರ್ಜೆಂಟೀನದಿಂದ ಕರೆ ಬಂದ ಮೇಲೆಯೇ ಅದು ಪೆಟಗೋನಿಯ ಎಂದು ಹೊಳೆಯಿತು. ಮೊದಲ ತಂಡ 1875ರ ನವೆಂಬರ್ 11ರಂದು ಹೊರಟಿತು. ಸಲೇಸಿಯನ್ನರು 1906ರಲ್ಲಿ ನಮ್ಮ ನೆರೆಯ ತಂಜಾವೂರಿಗೂ ಬಂದರು. ಬೆಂಗಳೂರಿನ ಬೀದಿಮಕ್ಕಳಿಗಾಗಿ 1980ರಲ್ಲಿ ಆರಂಭವಾದ ಅವರ ಸಂಸ್ಥೆಗೆ ಬೆಂಗಳೂರು ಓಣಿಯವರ ಸೇವಾ ಕೂಟ ಎಂಬ ಅಚ್ಚಗನ್ನಡದ ಹೆಸರು. ಆಂಗ್ಲ ಅಕ್ಷರಗಳಲ್ಲಿ ಮೊಟಕಾಗಿಸಿದರೆ ಅದು ಬೋಸ್ಕೊ ಎಂದಾಗುತ್ತದೆ.

1887ರ ಮೇ 16ರಂದು, ರೋಮಿನಲ್ಲಿ ತಾವೇ ಭಿಕ್ಷೆಯೆತ್ತಿ ಕಟ್ಟಿಸಿದ ಯೇಸುವಿನ ಪವಿತ್ರ ಹೃದಯದ ದೇವಾಲಯದಲ್ಲಿ, ಅಭಿಷೇಕವಾದ ಎರಡು ದಿನಗಳ ನಂತರ, ವೃದ್ಧ ಡಾನ್ ಬೋಸ್ಕೊ ಅವರು ದಿವ್ಯಬಲಿಪೂಜೆಯನ್ನು ಅರ್ಪಿಸಿದರು. ಪೂಜೆಯ ನಡುವೆ ಹದಿನೈದು ಸಾರಿಯಾದರೂ ಕಣ್ಣೀರು ಉಕ್ಕಿ ಅವರು ತಡೆದು ನಿಲ್ಲಬೇಕಾಯಿತು. ಕಾರಣ ಕೇಳಿದಾಗ, ಒಂಬತ್ತನೆಯ ವಯಸ್ಸಿನ ಕನಸು ಕಣ್ಣಮುಂದೆ ಬಂದಿತೆಂದೂ, ತಾಯಿ, ಅಣ್ಣಂದಿರು, ಅಜ್ಜಿ ಅದನ್ನು ಕುರಿತು ವಾದಿಸುತ್ತಿದ್ದ ದನಿಗಳು ಕೇಳಿದುವೆಂದೂ ತಿಳಿಸಿದರು. ಕಾಲ ಬಂದಾಗ ಅರ್ಥವಾಗುವುದೆಂದು ಕನಸಿನಲ್ಲಿ ಆಕೆ ಕೊಟ್ಟಿದ್ದ ವಚನಕ್ಕೆ ಅರುವತ್ತೆರಡು ವರ್ಷಗಳಷ್ಟಾಗಿತ್ತು.

1888ರ ಜನವರಿ 31ರಂದು ಅವರು ದೈವಾಧೀನರಾದರು. 1934ರ ಏಪ್ರಿಲ್ 1ರಂದು, ಪಾಸ್ಖ ಹಬ್ಬದಂದು, ಜಗದ್ಗುರು ಹನ್ನೊಂದನೆಯ ಪಿಯೂಸರು ಅವರನ್ನು ಸಂತರ ಸಾಲಿಗೆ ಸೇರಿಸಿದರು. ಅಚ್ಚಾಗಕೂಡದೆಂದು ಅವರು ಆಣೆಯಿಟ್ಟಿದ್ದ ಆತ್ಮಕಥೆಯನ್ನು 1946ರಲ್ಲಿ ಚೇರಿಯಾ ಗುರುಗಳು ಸಂಪಾದಿಸಿ ಪೂರ್ಣವಾಗಿ ಪ್ರಕಟಿಸಿದರು. ಸಂತರಾದವರ ಬಾಳು ಇಡೀ ಧರ್ಮಸಭೆಯ ಸೊತ್ತಾಗುವುದರಿಂದ ಆ ಅವಿಧೇಯತೆಯನ್ನು ನಾವು ಮನ್ನಿಸಬಹುದು. ಗೀಚಿ, ಹೊಡೆದು, ತಿದ್ದಿದ ಆ ಮೂರು ಪುಸ್ತಕಗಳು ಸಲೇಸಿಯನ್ ಸಭೆಯ ದಫ್ತರದಲ್ಲಿ ಇಂದಿಗೂ ಭದ್ರವಾಗಿವೆ.