ಗಡಿಪಾರಾದ ಮಕ್ಕಳ ಕವಿ

ಕನ್ನಡ ಶಾಲೆಯಲ್ಲಿ ಕಲಿತವರೊಳಗೆ ಗಡಿಯಾರವನ್ನು ಕುರಿತ ಆ ಪುಟ್ಟ ಪದ್ಯವನ್ನು ಬಾಯಿಪಾಠ ಮಾಡದವರು ವಿರಳ. ಅದನ್ನು ರಚಿಸಿದ ದಿನಕರ ದೇಸಾಯಿಯವರು ಚುಟುಕುಗಳಿಂದಲೂ ನಾಡಿನಲ್ಲೆಲ್ಲ ಹೆಸರಾದವರು. ಆದರೆ ಎರಡನೆಯ ಮಹಾಯುದ್ಧದ ಕಾಲದಲ್ಲಿ ಈ ಮಕ್ಕಳ ಕವಿಗೆ ತಾವು ಹುಟ್ಟಿದ ಜಿಲ್ಲೆಯಲ್ಲಿಯೇ ಕಾಲಿಡಲು ಅಪ್ಪಣೆಯಿರಲಿಲ್ಲವೆಂಬ ಸಂಗತಿ ಅನೇಕರಿಗೆ ತಿಳಿಯದು.

ದೇಸಾಯಿಯವರು 1909ರಲ್ಲಿ ಉತ್ತರ ಕನ್ನಡದ ಅಂಕೋಲಾ ತಾಲ್ಲೂಕಿನಲ್ಲಿ ಜನಿಸಿದರು. ಎಂ.ಎ., ಎಲ್‌ಎಲ್.ಬಿ. ಪದವಿಗಳನ್ನು ಪಡೆದಿದ್ದ ಅವರಿಗೆ ದೊಡ್ಡ ಹುದ್ದೆಯೇನೂ ದುರ್ಲಭವಾಗಿರಲಿಲ್ಲ. ಆದರೂ ಅವರು ಗೋಪಾಲಕೃಷ್ಣ ಗೋಖಲೆಯವರು 1905ರಲ್ಲಿ ಸ್ಥಾಪಿಸಿದ ಸರ್ವೆಂಟ್ಸ್ ಆಫ್ ಇಂಡಿಯಾ ಸೊಸೈಟಿಯನ್ನು ಸೇರಿ, ಅಲ್ಪ ವೇತನದಲ್ಲಿ ಜನಸೇವೆಯ ವ್ರತವನ್ನು ಕೈಕೊಂಡರು.

ಆಗ ಅವರ ಜಿಲ್ಲೆಯಲ್ಲಿ ಹಾಲಕ್ಕಿ ಒಕ್ಕಲಿಗರೇ ಮೊದಲಾದ ಬಡ ರೈತರು ಪರರ ಭೂಮಿಯನ್ನು ಗೇಣಿಗೆ ಉಳುತ್ತಿದ್ದರು. ಬೆಳೆದದ್ದರಲ್ಲಿ ಬಹುಭಾಗ ಒಡೆಯನ ಕಣಜಕ್ಕೆ ಸೇರುತ್ತಿತ್ತು. ಓದುಬರಹ ಬಾರದ ರೈತನಿಗೆ ತಾನು ಹೆಬ್ಬೆಟ್ಟು ಒತ್ತಿದ ಕಾಗದದಲ್ಲಿ ಏನಿದೆಯೆಂಬುದೇ ತಿಳಿಯುತ್ತಿರಲಿಲ್ಲ. ದೇಸಾಯಿಯವರು ಇವರನ್ನು ಒಂದುಗೂಡಿಸಿ ರೈತಕೂಟವನ್ನು ಕಟ್ಟಿದರು. 1930ರ ಉಪ್ಪಿನ ಸತ್ಯಾಗ್ರಹವನ್ನೂ 1932ರ ಕರನಿರಾಕರಣೆಯನ್ನೂ ಕಂಡ ಸೀಮೆ ಅಂಕೋಲೆ. ಯುದ್ಧ ಆರಂಭವಾದ ಮೇಲೆ ಅಲ್ಲಿ ಮತ್ತೊಂದು ಚಳವಳಿ ಏಳುವುದನ್ನು ಬ್ರಿಟಿಷ್ ಸರ್ಕಾರ ಸಹಿಸಲಿಲ್ಲ. 1940ರಲ್ಲಿ ಅವರನ್ನು ಐದು ವರ್ಷಗಳ ಕಾಲ ಜಿಲ್ಲೆಯಿಂದ ಗಡಿಪಾರು ಮಾಡಿತು.

ನಾಯಕನು ದೂರವಾದರೆ ರೈತರು ತಣ್ಣಗಾಗುವರೆಂದು ಅಧಿಕಾರಿಗಳು ಎಣಿಸಿರಬಹುದು. ಆದರೆ ದೇಸಾಯಿಯವರು ಮುಂಬಯಿಯಲ್ಲಿ ಸುಮ್ಮನೆ ಕುಳಿತವರಲ್ಲ. ಅಲ್ಲಿ ಅವರು ಹಡಗಿನ ಕೂಲಿಗಾರರ ಸಂಘಟನೆಯಲ್ಲಿ ದುಡಿದರು. ಭಾರತದ ನಾವಿಕರ ಸ್ಥಿತಿಗತಿಗಳನ್ನು ಕುರಿತು ಇಂಗ್ಲಿಷಿನಲ್ಲಿ ಗ್ರಂಥವನ್ನೇ ಬರೆದರು. ಆ ಯುದ್ಧದಲ್ಲಿ ಸುಮಾರು 6,600 ಮಂದಿ ಭಾರತೀಯ ನಾವಿಕರು ಪ್ರಾಣ ತೆತ್ತರು. ಬಂದೂಕು ಹಿಡಿಯದೆ, ಇಂಜಿನಿಗೆ ಕಲ್ಲಿದ್ದಲು ತುಂಬುತ್ತ, ಹಡಗಿನ ಕಟ್ಟೆ ತೊಳೆಯುತ್ತ ಸಮುದ್ರದ ಪಾಲಾದವರು ಅವರಲ್ಲಿ ಎಷ್ಟೋ ಮಂದಿ. ಬಿಳಿಯ ನಾವಿಕನಿಗಿಂತ ಅವರ ಸಂಬಳ ಬಹಳ ಕಡಿಮೆ. ಗದ್ದೆಯ ಗೇಣಿದಾರನಿಗೂ ಹಡಗಿನ ಕೂಲಿಗಾರನಿಗೂ ಕಷ್ಟ ಒಂದೇ ಬಗೆಯದು: ದುಡಿಮೆ ಇವನದು, ಲೆಕ್ಕ ಮತ್ತೊಬ್ಬನದು.

ಯುದ್ಧ ಮುಗಿದು, ನಿರ್ಬಂಧ ತೀರಿದ ಮೇಲೆ ತವರು ಜಿಲ್ಲೆಯ ಬಾಗಿಲು ಅವರಿಗೆ ಮತ್ತೆ ತೆರೆಯಿತು. ಲೆಕ್ಕ ಓದಬಲ್ಲ ಮಕ್ಕಳನ್ನು ಸಿದ್ಧಗೊಳಿಸುವುದೇ ಇನ್ನು ಮುಂದಿನ ಕಾರ್ಯವಾಯಿತು. 1953ರಲ್ಲಿ ಕೆನರಾ ವೆಲ್‌ಫೇರ್ ಟ್ರಸ್ಟನ್ನು ಸ್ಥಾಪಿಸಿ ಊರೂರಿಗೆ ಶಾಲೆಗಳನ್ನು ತಂದರು. 1966ರಲ್ಲಿ ಅಂಕೋಲೆಗೆ ಗೋಖಲೆಯವರ ಹೆಸರಿನ ಕಾಲೇಜೂ ಬಂದಿತು. 1967ರಲ್ಲಿ, ಒಮ್ಮೆ ಅವರನ್ನು ಹೊರಗಟ್ಟಿದ್ದ ಅದೇ ಜಿಲ್ಲೆಯ ಜನ ಅವರನ್ನು ಪಕ್ಷೇತರರಾಗಿ ಲೋಕಸಭೆಗೆ ಕಳುಹಿಸಿದರು. 1982ರಲ್ಲಿ ಅವರು ತೀರಿಕೊಂಡರು.

ಆ ಐದು ವರ್ಷಗಳಲ್ಲಿ ನಮ್ಮ ತುರ್ವಿಹಾಳ ಸೀಮೆ ನಿಜಾಮನ ಆಳ್ವಿಕೆಯಲ್ಲಿತ್ತು. ತುಂಗಭದ್ರೆಯ ಕಾಲುವೆ ಇನ್ನೂ ಬಂದಿರಲಿಲ್ಲ. ಇಂದು ನೀರು ಬಂದಿದೆ, ಭತ್ತ ಬೆಳೆದಿದೆ. ಆದರೂ ಲಾವಣಿಯ ಹೊಲ ಮಾಡಿ, ಕಾಗದಕ್ಕೆ ಹೆಬ್ಬೆಟ್ಟು ಒತ್ತುವ ಹಿರಿಯರು ನಮ್ಮ ಮನೆಗಳಲ್ಲಿ ಇನ್ನೂ ಇದ್ದಾರೆ. ಅಂಥ ಮನೆಯಿಂದ ಮೊದಲ ಬಾರಿಗೆ ಬಿ.ಎ. ತರಗತಿಗೆ ಬಂದ ನನ್ನಂಥವರಿಗೆ ದೇಸಾಯಿಯವರು ಕೇವಲ ಬಾಲ್ಯದ ಪದ್ಯದ ಕವಿಯಲ್ಲ. ಕಲಿತವನು ಮೊದಲು ಓದಿ ಹೇಳಬೇಕಾದುದು ತನ್ನ ಮನೆಯ ಹಿರಿಯರ ಕೈಯಲ್ಲಿರುವ ಕಾಗದವನ್ನು ಎಂಬುದನ್ನು ಅವರ ಬಾಳು ನಮಗೆ ಕಲಿಸುತ್ತದೆ.