ಮಂಡಿ ಸವೆದಿದೆ, ಯೋಗ ಮಾಡಬಹುದೇ? ಕೃಷ್ಣಮಾಚಾರ್ಯರ ಬದುಕಿನಿಂದ ತಿಳಿಯಬೇಕಾದದ್ದು

1936ರಲ್ಲಿ ಮೈಸೂರಿನಿಂದ ಒಂದು ಯೋಗ ತಂಡ ಉತ್ತರ ಕರ್ನಾಟಕಕ್ಕೆ ಬಂದಿತ್ತು. ಧಾರವಾಡದಲ್ಲಿ ಕೆಲವು ಮಹಿಳೆಯರು ತಾವೂ ಯೋಗ ಕಲಿಯುತ್ತೇವೆ ಎಂದು ಮುಂದೆ ಬಂದರು. ಆ ಕಾಲದಲ್ಲಿ ಹೆಂಗಸರಿಗೆ ಗಂಡಸರು ಕಲಿಸುವುದು ಮುಜುಗರದ ವಿಷಯ. ಹಾಗಾಗಿ ತಂಡದ ಅತಿ ಚಿಕ್ಕ ಹುಡುಗನಿಗೆ ಆ ಕೆಲಸ ಬಿತ್ತು. ಆ ಹುಡುಗನೇ ಮುಂದೆ ಜಗತ್ತಿಗೆಲ್ಲ ಗೊತ್ತಾದ ಬಿ.ಕೆ.ಎಸ್. ಅಯ್ಯಂಗಾರ್. ಅವರನ್ನು ಕರೆತಂದ ಗುರು, ಅವರ ಅಕ್ಕನ ಗಂಡ ತಿರುಮಲೈ ಕೃಷ್ಣಮಾಚಾರ್ಯ.

ಕೃಷ್ಣಮಾಚಾರ್ಯರು ಹುಟ್ಟಿದ್ದು 1888ರಲ್ಲಿ, ಚಿತ್ರದುರ್ಗ ಜಿಲ್ಲೆಯಲ್ಲಿ. ಅಷ್ಟೆಲ್ಲ ಶಾಸ್ತ್ರ ಓದಿದವರು ಹೊಟ್ಟೆಪಾಡಿಗೆ ಕಾಫಿ ತೋಟದಲ್ಲಿ ಮೇಲ್ವಿಚಾರಕರಾಗಿಯೂ ದುಡಿದರು. ನಾಲ್ವಡಿ ಕೃಷ್ಣರಾಜ ಒಡೆಯರ್ ಆಶ್ರಯದಲ್ಲಿ 1933ರಲ್ಲಿ ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆ ಶುರುವಾಯಿತು. ಮರುವರ್ಷ ಬಂದ ಅವರ 'ಯೋಗ ಮಕರಂದ' ಕನ್ನಡದ ಪುಸ್ತಕ.

ಇಂದು ನಮ್ಮ ಮೊಬೈಲಿಗೆ ಬರುವ ಕಠಿಣ ಆಸನಗಳ ಹಳೆಯ ಚಿತ್ರಗಳಲ್ಲಿ ಹಲವು ಈ ಮೈಸೂರು ಕಾಲದವು. ಒಂದು ಮಾತು ನೆನಪಿಡಿ: ಅಲ್ಲಿ ಕಲಿಯುತ್ತಿದ್ದವರು ಹೆಚ್ಚಾಗಿ ಗಟ್ಟಿಮುಟ್ಟಾದ ಹುಡುಗರು. ಅರವತ್ತು ದಾಟಿದ, ಮಂಡಿ ಸವೆದವರು ಅದನ್ನು ನೋಡಿ ಪದ್ಮಾಸನಕ್ಕೆ ಕಾಲು ತಿರುಚಬಾರದು.

1950ರಲ್ಲಿ ಶಾಲೆ ಮುಚ್ಚಿತು. 1952ರಲ್ಲಿ ಪಾರ್ಶ್ವವಾಯುವಿನಿಂದ ಚೇತರಿಸಿಕೊಳ್ಳುತ್ತಿದ್ದ ಕಾನೂನು ಪಂಡಿತರೊಬ್ಬರಿಗೆ ನೆರವಾಗಲು ಅವರನ್ನು ಮದ್ರಾಸಿಗೆ ಕರೆಸಿಕೊಂಡರು. ಅಲ್ಲಿಯೇ ನೆಲೆಸಿದ ಅವರು ವಯಸ್ಸು, ಕಾಯಿಲೆ, ಶಕ್ತಿ ನೋಡಿ ಒಬ್ಬೊಬ್ಬರಿಗೆ ಒಂದೊಂದು ರೀತಿ ಕಲಿಸಿದರು. ನನ್ನ ಮಟ್ಟಿಗೆ ಅವರ ದೊಡ್ಡ ಕೊಡುಗೆ ಇದೇ. ಇಂದಿನ ಫಿಸಿಯೋಥೆರಪಿಸ್ಟ್ ಮಾಡುವುದೂ ಬಹುತೇಕ ಇದನ್ನೇ.

96ನೇ ವಯಸ್ಸಿನಲ್ಲಿ ಅವರ ಸೊಂಟದ ಮೂಳೆ ಮುರಿಯಿತು. ಆಪರೇಷನ್ ಬೇಡವೆಂದು, ಮಲಗಿದಲ್ಲೇ ಮಾಡುವ ಅಭ್ಯಾಸಗಳನ್ನು ರೂಪಿಸಿಕೊಂಡರು. 1989ರಲ್ಲಿ, ನೂರು ತುಂಬಿದ ಮೇಲೆ ತೀರಿಕೊಂಡರು. ಇದನ್ನು ಓದಿ, ಬಿದ್ದ ಅಜ್ಜಿಗೆ ಆಪರೇಷನ್ ತಪ್ಪಿಸಬೇಡಿ. ಮಲಗಿದಲ್ಲೇ ಉಳಿದ ವೃದ್ಧರಿಗೆ ನ್ಯುಮೋನಿಯಾ, ಬೆನ್ನಹುಣ್ಣು, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯವಿದೆ. ಬೇಗ ಎಬ್ಬಿಸಿ ನಡೆಸಲೆಂದೇ ವೈದ್ಯರು ಶಸ್ತ್ರಚಿಕಿತ್ಸೆ ಮಾಡುತ್ತಾರೆ.

ಮಂಡಿ ಸವೆತದ ಕಥೆ ಬೇರೆ. ನಡೆದರೆ ಇನ್ನಷ್ಟು ಸವೆಯುತ್ತದೆ ಎಂಬುದು ತಪ್ಪು ತಿಳಿವಳಿಕೆ. ಮೃದ್ವಸ್ಥಿಗೆ ರಕ್ತನಾಳಗಳಿಲ್ಲ, ಕೀಲು ಆಡಿದಾಗಲೇ ಅದರೊಳಗಿನ ದ್ರವದಿಂದ ಪೋಷಣೆ ಸಿಗುತ್ತದೆ. ಕೂತೇ ಇದ್ದರೆ ತೊಡೆಯ ಸ್ನಾಯು ಸೊರಗಿ, ಭಾರವೆಲ್ಲ ಕೀಲಿನ ಮೇಲೆ ಬೀಳುತ್ತದೆ. ಕುರ್ಚಿಯಲ್ಲಿ ಕೂತು ಒಂದು ಕಾಲನ್ನು ನೇರವಾಗಿ ಎತ್ತಿ, ಐದು ಎಣಿಸಿ ಇಳಿಸುವುದರಿಂದ ಶುರು ಮಾಡಬಹುದು. ಸ್ಥೂಲಕಾಯದವರು 1 ಕೆ.ಜಿ. ಇಳಿಸಿದರೆ, ಪ್ರತಿ ಹೆಜ್ಜೆಯಲ್ಲೂ ಮಂಡಿಯ ಮೇಲಿನ ಹೊರೆ ಸುಮಾರು 4 ಕೆ.ಜಿ. ಕಡಿಮೆಯಾಗುತ್ತದೆ. ವ್ಯಾಯಾಮದಿಂದ ಸವೆದದ್ದು ಮತ್ತೆ ಬೆಳೆಯುವುದಿಲ್ಲ; ನೋವು ತಗ್ಗುತ್ತದೆ, ಓಡಾಟ ಸುಲಭವಾಗುತ್ತದೆ.

ಮಂಡಿ ಬಿಸಿಯಾಗಿ ಊದಿಕೊಂಡರೆ, ಜೊತೆಗೆ ಜ್ವರವಿದ್ದರೆ, ಅಥವಾ ಕಾಲು ಮಡಚಲಾಗದಂತೆ ಸಿಕ್ಕಿಕೊಂಡರೆ ವ್ಯಾಯಾಮ ನಿಲ್ಲಿಸಿ, ಅಂದೇ ವೈದ್ಯರಿಗೆ ತೋರಿಸಿ.